ಆರರಿಂದ ಒಂಬತ್ತರವರೆಗೆ ಕೆಂಪು

ಜುಲೈ 8, ಮಂಗಳವಾರ

ಶಾಲೆಗೆ ರಜೆ ಹಾಕಿ ಅಪ್ಪನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರ ಎಡತೋಳಿಗೆ ಪಟ್ಟಿ ಬಂತು. ವಾಚಿನ ಪಟ್ಟಿಗಿಂತ ಅಗಲ, ಒಳಬದಿಗೆ ನಾಣ್ಯದಷ್ಟು ಗಾತ್ರದ ಮೆತ್ತನೆಯ ಬಿಲ್ಲೆ. ಬೆವರಿನಲ್ಲಿರುವ ಕ್ರಿಯಾಟಿನಿನ್ ಅನ್ನು ಅದು ಹಗಲೂ ರಾತ್ರಿ ಅಳೆದು ಫೋನಿಗೆ ಕಳಿಸುತ್ತದೆ. ಮೂತ್ರಪಿಂಡದ ಕೆಲಸ ಕುಗ್ಗಿದಷ್ಟೂ ಅಂಕಿ ಏರುತ್ತದೆ. ಮೇಲುಗಡೆ ಒಂದು ಸಣ್ಣ ದೀಪ. ಹಸಿರು ಇದ್ದರೆ ಚಿಂತೆಯಿಲ್ಲ, ಹಳದಿ ಇದ್ದರೆ ಎಚ್ಚರ, ಕೆಂಪಾದರೆ ಅಪಾಯ.

ಪಟ್ಟಿ ಇನ್ನೂ ಪ್ರಯೋಗದ ಹಂತದಲ್ಲಿದೆ. ಒಟ್ಟು ಅರವತ್ತು ಜನರಿಗೆ ಕಟ್ಟಿದ್ದಾರೆ. ಅಪ್ಪನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಹಳೆಯದು, ರಕ್ತದಲ್ಲಿ ಕ್ರಿಯಾಟಿನಿನ್ 1.7. ಈಗಲೇ ಕಣ್ಣಿಟ್ಟರೆ ಡಯಾಲಿಸಿಸ್ ಅನ್ನು ದೂರವೇ ಇಡಬಹುದು ಎಂದು ಡಾ. ಕೀರ್ತಿರಾಜ್ ಹೇಳಿದರು. ಪಟ್ಟಿಗಳನ್ನು ನೋಡಿಕೊಳ್ಳುವವಳು ಮಾನಸಾ ಎಂಬ ಹುಡುಗಿ. ಸ್ನಾನಕ್ಕೆ ತೆಗೆಯಬಹುದು, ಮಿಕ್ಕಂತೆ ತೋಳಿನ ಮೇಲೇ ಇರಬೇಕು ಎಂದಳು. ಅಂಕಿಗಳು ನನ್ನ ಫೋನಿಗೂ ಬರುವ ಹಾಗೆ ಮಾಡಿಕೊಟ್ಟಳು. ಅರಕಲಗೂಡಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ ಎಂದಾಗ ಅವಳಿಗೆ ಸಮಾಧಾನವಾದಂತೆ ಕಂಡಿತು.

ಪಕ್ಕದ ಕುರ್ಚಿಯಲ್ಲಿ ಅರಕಲಗೂಡು ಕಡೆಯ ಹೊಗೆಸೊಪ್ಪಿನ ರೈತ ಕಾಳಯ್ಯ ಕೂತಿದ್ದ. ಅವನಿಗೂ ಪಟ್ಟಿ. "ನಮ್ಮೂರಾಗೆ ಇದ ನೋಡುದ್ರೆ ಯಾವ ದೇವ್ರ ತಾಯ್ತ ಅಂತ ಕೇಳ್ತಾರೆ ಸಾ, ಏನಂತ ಯೋಳ್ಲಿ?" ಎಂದು ಅಪ್ಪನನ್ನು ಕೇಳಿದ. ಅಪ್ಪ ನಕ್ಕರು. ಆಸ್ಪತ್ರೆಯಲ್ಲಿ ಅವರು ನಕ್ಕಿದ್ದು ಇದೇ ಮೊದಲು.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಮ್ಮ ಊಟ ಬಡಿಸಿದಳು.

ಜುಲೈ 11, ಶುಕ್ರವಾರ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಮಾನಸಾಳ ಫೋನ್ ಬಂತು. ದಿನವೂ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅಂಕಿಯೇ ಬರುತ್ತಿಲ್ಲ, ಹೀಗೇ ಆದರೆ ಅಪ್ಪನನ್ನು ಪ್ರಯೋಗದಿಂದ ಕೈಬಿಡಬೇಕಾಗುತ್ತದೆ ಎಂದಳು.

ಆ ಹೊತ್ತಿಗೆ ಅಪ್ಪ ಗುಡಿಯಲ್ಲಿರುತ್ತಾರೆ. ನಮ್ಮ ಬೀದಿಯ ವೇಣುಗೋಪಾಲ ಸ್ವಾಮಿಗೆ ಅಭಿಷೇಕ, ಅಲಂಕಾರ, ನೈವೇದ್ಯ ಎಲ್ಲ ಅವರದೇ. ನೈವೇದ್ಯದ ಅಡುಗೆಯನ್ನೂ ಗುಡಿಯ ಒಲೆಯಲ್ಲಿ ಅವರೇ ಮಾಡುತ್ತಾರೆ. ಸಂಜೆ ಕೇಳಿದಾಗ ರೇಗಿದರು.

"ಅದರೊಳಗಿನ ಅಂಟು ಯಾವ ಪ್ರಾಣಿದೋ ಏನೋ. ಕಟ್ಕೊಂಡು ಗರ್ಭಗುಡಿಗೆ ಹೋಗು ಅಂತೀಯಾ?"

"ಅದೆಲ್ಲ ನನಗೆ ಗೊತ್ತಿಲ್ಲಪ್ಪ. ಗ್ಯಾಪ್ ಬರಬಾರದು, ಅಷ್ಟೇ."

ಅಪ್ಪ, "ಬರಲ್ಲ ಬಿಡು" ಅಂದರು.

ಜುಲೈ 16, ಬುಧವಾರ

ಗ್ಯಾಪ್ ನಿಂತಿದೆ. ಅಪ್ಪ ಮಾತು ಉಳಿಸಿಕೊಂಡರು. ಮಡಿಯಲ್ಲೂ ಕಟ್ಟಿಕೊಳ್ಳುತ್ತಿದ್ದಾರೆ ಎಂದಾಯಿತು. ಅವರನ್ನು ಕೇಳಿ ಮುಜುಗರ ಮಾಡುವುದು ಬೇಡವೆಂದು ಸುಮ್ಮನಾದೆ. ಮಾನಸಾ ಥ್ಯಾಂಕ್ಸ್ ಹೇಳಿ ಮೆಸೇಜ್ ಕಳಿಸಿದ್ದಾಳೆ.

ಜುಲೈ 27, ಭಾನುವಾರ

ಎರಡು ವಾರದ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿ ನೋಡಿದೆ. ಫೋನಿನಲ್ಲೂ ಕಾಣುತ್ತದೆ, ಆದರೆ ಕೈಯಲ್ಲಿ ಎಳೆದರೇ ನನಗೆ ನಂಬಿಕೆ. ಹಗಲಿಡೀ, ರಾತ್ರಿಯಿಡೀ ಹಸಿರು, ಅಲ್ಲೊಂದು ಇಲ್ಲೊಂದು ಹಳದಿ. ಬೆಳಿಗ್ಗೆ ಆರಾಗುತ್ತಿದ್ದಂತೆ ಗೆರೆ ಗೋಡೆ ಹತ್ತಿದಂತೆ ನೇರ ಮೇಲಕ್ಕೆ ಹೋಗಿ ಕೆಂಪಿನಲ್ಲಿ ನಿಲ್ಲುತ್ತದೆ. ಒಂಬತ್ತಕ್ಕೆ ಹಾಗೇ ಕೆಳಗೆ ಬೀಳುತ್ತದೆ. ಒಂದು ದಿನವೂ ತಪ್ಪಿಲ್ಲ.

ಇಂಥದ್ದನ್ನು ನಾನು ಎಲ್ಲೂ ಓದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಪ್ಪ ಹೆದರಿಕೊಳ್ಳುತ್ತಾರೆ, ಅಮ್ಮನಿಗೆ ಹೇಳಿದರೆ ಅಪ್ಪನಿಗೆ ಹೇಳಿದ ಹಾಗೆಯೇ.

ಮನೆಯಲ್ಲಿ ಬೇರೇನೂ ವಿಶೇಷವಿಲ್ಲ. ಅಮ್ಮ ಅಕ್ಕಸಾಲಿಗರ ಅಂಗಡಿಗೆ ಹೋಗಿ ಕಾಲುಂಗುರ ಕತ್ತರಿಸಿ ತೆಗೆಸಿಕೊಂಡು ಬಂದಳು. ಬಿಗಿಯಾಗಿತ್ತಂತೆ.

ಆಗಸ್ಟ್ 5, ಮಂಗಳವಾರ

ಹಾಸನ. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅಪ್ಪನನ್ನು ಹೊರಗೆ ಕಳಿಸಿ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ರಕ್ತದ ಅಂಕಿ ಹೋದ ಸಲಕ್ಕಿಂತ ಅಷ್ಟೇನೂ ಏರಿಲ್ಲ, 1.8. ಆದರೆ ರಕ್ತ ತೆಗೆಯುವುದು ಹನ್ನೊಂದು ಗಂಟೆಗೆ. ಬೆಳಗಿನ ಹೊತ್ತು ಏನಾಗುತ್ತಿದೆ ಎಂಬುದು ಪಟ್ಟಿಗೆ ಮಾತ್ರ ಗೊತ್ತು.

"ಅರವತ್ತು ಜನರಲ್ಲಿ ನಿಮ್ಮ ತಂದೆಯವರ ಗ್ರಾಫ್ ಒಂದೇ ಹೀಗಿರೋದು" ಅಂದರು. ದನಿಯಲ್ಲಿ ಗಾಬರಿಯ ಜೊತೆಗೆ ಉತ್ಸಾಹವೂ ಇತ್ತು. ತಣ್ಣೀರಿನ ಸ್ನಾನ, ಹೊತ್ತುಗಟ್ಟಲೆ ಕಲ್ಲಿನ ನೆಲದ ಮೇಲೆ ನಿಲ್ಲುವುದು, ಗಂಟಲಿಗೆ ತೊಟ್ಟು ನೀರಿಲ್ಲದೆ ಒಲೆಯ ಮುಂದೆ ಅಡುಗೆ ಮಾಡುವುದು, ಇವೆಲ್ಲ ಸೇರಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತಿರಬಹುದು ಎಂಬುದು ಅವರ ಊಹೆ. ಮೈಸೂರಿನಲ್ಲಿ ನಡೆಯುವ ವೈದ್ಯರ ಸಮ್ಮೇಳನದಲ್ಲಿ ಹೆಸರು ಹೇಳದೆ ಈ ಗ್ರಾಫ್ ತೋರಿಸಬಹುದೇ ಎಂದು ಕೇಳಿದರು. ಒಪ್ಪಿದೆ.

ರಕ್ತದೊತ್ತಡದ ಮಾತ್ರೆ ಹೆಚ್ಚಿಸಿದ್ದಾರೆ, ಮೂತ್ರ ಹೋಗುವ ಮಾತ್ರೆ ಹೊಸದಾಗಿ ಸೇರಿಸಿದ್ದಾರೆ. ಬೆಳಗಿನ ಪೂಜೆ ಬಿಡಿಸಿದರೆ ಒಳ್ಳೆಯದು, ಕಾರಣ ಹೇಳಿ ಹೆದರಿಸಬೇಡಿ ಎಂದರು. ಹಾಗೇ ಮಾಡಿದೆ. ವಯಸ್ಸಾಯಿತು, ಬೆಳಗಿನ ಪೂಜೆಗೆ ಬೇರೆಯವರನ್ನು ಇಡಿಸೋಣ ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನಿಮ್ಮ ಶಾಲೆಗೂ ಹಾಗೇ ಮಾಡು" ಅಂದರು.

ಆಗಸ್ಟ್ 20, ಬುಧವಾರ

ಬೆಳಗಿನ ಅಂಕಿ ಇನ್ನೂ ಏರಿದೆ. ಮಾತ್ರೆಗಳಿಂದ ಏನೂ ಉಪಯೋಗವಾಗಿಲ್ಲ. ಅಪ್ಪನಿಗೆ ಎದ್ದು ನಿಂತರೆ ತಲೆ ತಿರುಗುತ್ತದಂತೆ.

ತಮ್ಮ ವಿಶ್ವಾಸ್ ಚನ್ನರಾಯಪಟ್ಟಣದಿಂದ ಫೋನ್ ಮಾಡಿದ್ದ. ಬ್ಯಾಂಕಿನ ಕೆಲಸದಲ್ಲಿ ಅವನಿಗೆ ಬಿಡುವಿಲ್ಲ. ಮುಂದೆ ಕಸಿ ಮಾಡಿಸುವ ಪ್ರಸಂಗ ಬಂದರೆ ಅವನಾಗಲಿ ನಾನಾಗಲಿ ಒಂದು ಮೂತ್ರಪಿಂಡ ಕೊಡುವುದು ಎಂದು ಮಾತಾಡಿಕೊಂಡೆವು. ಹೇಳುವಾಗ ಸುಲಭವಾಗಿತ್ತು, ಫೋನ್ ಇಟ್ಟ ಮೇಲೆ ಅಲ್ಲ.

ಅಮ್ಮ ಬಾಗಿಲ ಹಿಂದೆ ನಿಂತು ಕೊನೆಯ ಮಾತು ಕೇಳಿಸಿಕೊಂಡಿದ್ದಳು. "ನೀವು ಮಕ್ಕಳು ಯಾಕೆ ಕೊಡ್ತೀರ. ನಂದು ತಗೊಳ್ಳಲಿ. ನನಗೇನಾಗಿದೆ?" ಅಂದಳು. ಸೆರಗು ಹೊದ್ದು ನಿಂತಿದ್ದಳು. ಈಚೆಗೆ ಅವಳಿಗೆ ಯಾವಾಗಲೂ ಚಳಿ. ಅಪ್ಪನಿಗೇ ಇನ್ನೂ ಏನೂ ಹೇಳಿಲ್ಲ, ಬಾಯಿ ಬಿಡಬೇಡ ಎಂದು ಹೇಳಿ ಕಳಿಸಿದೆ.

ಸೆಪ್ಟೆಂಬರ್ 2, ಮಂಗಳವಾರ

ಅಪ್ಪ ಗುಡಿಯಲ್ಲಿ ಬಿದ್ದರು. ಮಂಗಳಾರತಿ ಮುಗಿಸಿ ತಟ್ಟೆ ಹಿಡಿದು ಹೊರಬಂದವರು ಹೊಸ್ತಿಲ ಮೇಲೇ ಕುಸಿದರಂತೆ. ಹಣೆಗೆ ಗಾಯ, ಮೂಳೆಗೆ ಏನೂ ಆಗಿಲ್ಲ. ದರ್ಶನಕ್ಕೆ ಬಂದಿದ್ದ ಬಾಡಿಗೆ ಕಾರಿನ ಮಂಜೇಶ್ ಎತ್ತಿಕೊಂಡು ಮನೆಗೆ ತಂದ. ನನಗೆ ಅರಕಲಗೂಡಿನ ಬಸ್ಸಿನಲ್ಲಿ ಸುದ್ದಿ ತಿಳಿಯಿತು. ದಾರಿಯಲ್ಲೇ ಇಳಿದು ಎದುರು ಬಂದ ಬಸ್ಸು ಹತ್ತಿದೆ.

ಇದಕ್ಕೇ ನಾನು ಹೆದರಿದ್ದು. ಆರರಿಂದ ಒಂಬತ್ತು.

ಸೆಪ್ಟೆಂಬರ್ 6, ಶನಿವಾರ

ಅಪ್ಪ ನಾಲ್ಕು ದಿನದಿಂದ ಮನೆಯಲ್ಲೇ ಇದ್ದಾರೆ. ಗುಡಿಗೆ ದೊಡ್ಡಪ್ಪನ ಮಗ ಹೋಗುತ್ತಿದ್ದಾನೆ. ಫಲಿತಾಂಶ ಕಣ್ಣಮುಂದೆಯೇ ಇದೆ: ನಾಲ್ಕು ದಿನವೂ ಬೆಳಿಗ್ಗೆ ಹಸಿರು. ಕೆಂಪು ಒಂದು ಚುಕ್ಕೆಯೂ ಇಲ್ಲ.

ಡಾಕ್ಟರರ ಊಹೆ ನಿಜವಾಯಿತು. ಪೂಜೆಯೇ ಅಪ್ಪನನ್ನು ಕೊಲ್ಲುತ್ತಿದೆ. ಮಾನಸಾಳಿಗೆ ಗ್ರಾಫ್ ಕಳಿಸಿದೆ. ಇನ್ನು ಗುಟ್ಟು ಮಾಡಿ ಪ್ರಯೋಜನವಿಲ್ಲ, ಮಂಗಳವಾರ ಡಾಕ್ಟರ ಬಾಯಿಂದಲೇ ಅಪ್ಪನಿಗೆ ಹೇಳಿಸಬೇಕು.

ಸೆಪ್ಟೆಂಬರ್ 9, ಮಂಗಳವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆಯೇ ಅಪ್ಪ ಹಟ ಹಿಡಿದು ಮತ್ತೆ ಗುಡಿಗೆ ಹೋದರು. ಮತ್ತೆ ಕೆಂಪು. ಇವತ್ತು ನನ್ನ ಜೊತೆ ಹಾಸನಕ್ಕೂ ಬರಲಿಲ್ಲ, ನಾನೊಬ್ಬಳೇ ಹೋದೆ. ಡಾಕ್ಟರು ಆ ನಾಲ್ಕು ದಿನದ ಹಸಿರನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಡ, ಗುರುವಾರ ಕರೆದುಕೊಂಡು ಬನ್ನಿ, ನಾನೇ ಹೇಳುತ್ತೇನೆ ಎಂದರು.

ಹೊರಗೆ ಮಾನಸಾ ಕಾಳಯ್ಯನನ್ನು ಗದರಿಸುತ್ತಿದ್ದಳು. ಅವನು ತನ್ನ ಪಟ್ಟಿಯನ್ನು ಎತ್ತಿನ ಕಿವಿಗೆ ಸುತ್ತಿದ್ದನಂತೆ.

"ಒಂದ್ ಕಿತ ನೋಡವಾ ಅಂತ ಸುತ್ದೆ ಕಣವ್ವ. ನಂಗೆ ಹಳದಿ ಬತ್ತದೆ, ನಮ್ ಭೀಮಂಗೆ ಹಸ್ರು ಬಂದ್ಬುಡ್ತು. ಹೊಲ ಉಳೋನು ಅವನು, ಕಾಯ್ಲೆ ಮಾತ್ರ ನಂಗೆ" ಎಂದು ನನ್ನ ಕಡೆ ತಿರುಗಿದ. ಮಾನಸಾ ಬೇರೆ ಯಾರಿಗೂ ಕಟ್ಟಬಾರದು, ಎಲ್ಲ ಲೆಕ್ಕವೂ ನಿಮ್ಮ ಹೆಸರಿಗೇ ಬರುತ್ತದೆ ಎಂದಳು. ಕಾಳಯ್ಯ, "ಅಂಗಾರೆ ಅವನ ಹಸ್ರು ನನ್ ಎಸ್ರಿಗೇ ಇರ್ಲಿ ಬುಡು" ಅಂದ. ಕಾದು ಕೂತಿದ್ದವರೆಲ್ಲ ನಕ್ಕರು.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಸ್ವಲ್ಪ ಹಗುರವಾಗಲಿ ಎಂದು ಇದನ್ನೇ ಹೇಳಿದೆ. ಅಪ್ಪ ನಗಲಿಲ್ಲ. ಅಮ್ಮ ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದಳು.

"ಬೇರೆಯವರು ಹಾಕ್ಕೊಂಡ್ರೆ ಅದಕ್ಕೆ ಗೊತ್ತಾಗತ್ತೆ ಅಲ್ವೇನೇ?"

"ಇಲ್ಲಮ್ಮ. ಎತ್ತಿಗೂ ಮನುಷ್ಯರಿಗೂ ಇರೋ ವ್ಯತ್ಯಾಸಾನೇ ಅದಕ್ಕೆ ಗೊತ್ತಾಗಿಲ್ಲ."

"ಮತ್ತೆ ನಾನು ಹಾಕ್ಕೊಂಡ ತಕ್ಷಣ ಕೆಂಪಾಗತ್ತಲ್ಲೇ? ನಿಮ್ಮಪ್ಪನ ಕೈ ಅಲ್ಲ ಅಂತ ಗೊತ್ತಾಗಿ ಕೆಂಪಾಗತ್ತೆ ಅಂದ್ಕೊಂಡಿದ್ದೆ."

ಅಪ್ಪ ಕಲಸಿದ ಅನ್ನದ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ನಾನೇ ಒಂದೊಂದಾಗಿ ಕೇಳಿದೆ. ಜುಲೈಯಿಂದ ದಿನಾ ಸ್ನಾನಕ್ಕೆ ಹೋಗುವಾಗ ಅಪ್ಪ ಪಟ್ಟಿ ಬಿಚ್ಚಿ ಗೂಡಿನಲ್ಲಿಡುತ್ತಾರೆ. ಗ್ಯಾಪ್ ಬರಬಾರದು ಎಂದಿದ್ದೆನಲ್ಲ, ಅದಕ್ಕೆ ಮೊದಲ ದಿನ ಅಪ್ಪನೇ ಅದನ್ನು ಅಮ್ಮನ ತೋಳಿಗೆ ಕಟ್ಟಿದರಂತೆ; ಆಮೇಲಿಂದ ಅವರು ಬರುವವರೆಗೆ ಅಮ್ಮ ತಾನೇ ಕಟ್ಟಿಕೊಂಡು ಸೆರಗು ಹೊದೆಯುತ್ತಾಳೆ. ಅವರು ಗುಡಿಯಿಂದ ಬಂದ ಮೇಲೆ ಬಿಚ್ಚಿ ಕೊಡುತ್ತಾಳೆ. ಅಪ್ಪ ಮನೆಯಲ್ಲಿದ್ದ ನಾಲ್ಕು ದಿನ ಕಟ್ಟಿಕೊಂಡಿರಲಿಲ್ಲ.

ಆ ದೀಪ ಕೆಂಪಾಗುವುದನ್ನು ಅಪ್ಪ ಒಂದು ದಿನವೂ ನೋಡಿಲ್ಲ. ಬೆಳಗಿನ ಕೆಂಪಿನ ವಿಷಯ ನಾನು ಅವರಿಗೆ ಹೇಳಿರಲೂ ಇಲ್ಲ.

ನಾನು ಎದ್ದು ಅಮ್ಮನ ಕಾಲು ನೋಡಿದೆ. ಊದಿಕೊಂಡಿತ್ತು, ಒತ್ತಿದ ಬೆರಳಿನ ಗುರುತು ಹಾಗೇ ಉಳಿಯಿತು.

ಸೆಪ್ಟೆಂಬರ್ 10, ಬುಧವಾರ

ಅಮ್ಮನ ಕ್ರಿಯಾಟಿನಿನ್ 9.2. ಹಿಮೋಗ್ಲೋಬಿನ್ 7. ರಕ್ತದೊತ್ತಡ 190/110. ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡಗಳು ಚಿಕ್ಕವಾಗಿವೆ.

ಡಾಕ್ಟರು ಲ್ಯಾಪ್‌ಟಾಪಿನಲ್ಲಿ ಅಪ್ಪನ ಗ್ರಾಫ್ ತೆರೆದಿಟ್ಟುಕೊಂಡಿದ್ದರು. ನಾನು ಹೇಳಿ ಮುಗಿಸಿದ ಮೇಲೆ ಅದನ್ನು ಮುಚ್ಚಿದರು. ಅಪ್ಪನಿಗೆ ಹೆಚ್ಚಿಸಿದ ಮಾತ್ರೆಗಳನ್ನೆಲ್ಲ ಇವತ್ತೇ ನಿಲ್ಲಿಸಿ ಎಂದರು. ಅಪ್ಪ ಬಿದ್ದದ್ದು ಆ ಮಾತ್ರೆಗಳಿಂದ.

ಅಮ್ಮನದು ವರ್ಷಗಳಿಂದ ಆಗುತ್ತ ಬಂದಿದೆ, ಬಹುಶಃ ರಕ್ತದೊತ್ತಡದಿಂದ ಶುರುವಾಗಿರಬೇಕು, ಇನ್ನು ಡಯಾಲಿಸಿಸ್ ಬಿಟ್ಟು ದಾರಿಯಿಲ್ಲ ಎಂದರು.

"ಮನೇಲಿ ಬಿ.ಪಿ. ನೋಡೋ ಮೆಷಿನ್ ಇಟ್ಟುಕೊಂಡಿಲ್ವಾ?"

"ಇದೆ ಸರ್. ಅಪ್ಪನಿಗೆ ದಿನಾ ನೋಡ್ತೀನಿ."



ಅಮ್ಮನನ್ನು ಒಳಗೆ ಕರೆಸಿ ಅವರೇ ನಿಧಾನವಾಗಿ ವಿವರಿಸಿದರು. ಅಮ್ಮ ಗಮನವಿಟ್ಟು ಕೇಳಿದಳು. ಎಲ್ಲ ಮುಗಿದ ಮೇಲೆ, "ಅಂದ್ರೆ ನಮ್ಮನೆಯವರದು ಚೆನ್ನಾಗಿದೆ ಅಂತಾಯ್ತು" ಅಂದಳು. ಡಾಕ್ಟರು ಹೌದೆಂದರು. "ಹಾಗಾದ್ರೆ ಸರಿ" ಎಂದಳು. ಅವಳ ಮುಖದಲ್ಲಿ ನಿಜವಾಗಿಯೂ ನೆಮ್ಮದಿ ಇತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಸೆಪ್ಟೆಂಬರ್ 11, ಗುರುವಾರ

ಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿಗೆ ಯಾವ ಪಾಠ ಮಾಡಿದೆನೋ ನೆನಪಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಅಮ್ಮನ ಕುತ್ತಿಗೆಗೆ ನಳಿಕೆ ಹಾಕಿ ಮೊದಲ ಡಯಾಲಿಸಿಸ್ ಮಾಡಿದರು. ಇನ್ನು ಮಂಗಳವಾರ, ಶುಕ್ರವಾರ. ಸಿಕ್ಕಿರುವುದು ಬೆಳಗಿನ ಮೊದಲ ಸರದಿ, ಆರೂವರೆಗೆ ಆಸ್ಪತ್ರೆಯಲ್ಲಿರಬೇಕು.

ಅಪ್ಪ ಇಡೀ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ವಿಶ್ವಾಸ್ ಚನ್ನರಾಯಪಟ್ಟಣದಿಂದ ಬಂದು ಪಕ್ಕದಲ್ಲಿ ಕೂತ. ಕಾಫಿ ತಂದುಕೊಟ್ಟ, ಅಪ್ಪ ಕುಡಿಯಲಿಲ್ಲ. ಒಂದು ಸಲ ಮಾತ್ರ, ತನಗೇ ಎಂಬಂತೆ, "ನಾನೇ ಅವಳ ಕೈಗೆ ಕಟ್ಟಿದ್ದು" ಅಂದರು. ಕಟ್ಟದೇ ಇದ್ದಿದ್ದರೆ ಇವತ್ತೂ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ವಿಶ್ವಾಸ್ ಹೇಳಿದ. ಅದು ಸಮಾಧಾನವೋ ಅಲ್ಲವೋ, ಮೂವರಿಗೂ ತಿಳಿಯಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮೂರನೆಯ ಸಲ. ಮಂಜೇಶನ ಕಾರು ತಿಂಗಳಿಗೆ ಗೊತ್ತು ಮಾಡಿದ್ದೇವೆ. ಯಂತ್ರದ ಪಕ್ಕ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯಿರಲಿಲ್ಲ. ಬಾಯಲ್ಲಿ ಯಾವಾಗಲೂ ತಾಮ್ರದ ಚೊಂಬು ನೆಕ್ಕಿದ ಹಾಗಿರುತ್ತದೆ, ಎರಡು ವರ್ಷದಿಂದ ಯಾವ ಅಡುಗೆಯ ವಾಸನೆಯೂ ಸೇರುವುದಿಲ್ಲ ಎಂದಳು. ಮೈ ಕೆರೆತಕ್ಕೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳಂತೆ. ಬಟ್ಟೆ ಒಣಹಾಕಲು ಮಾಳಿಗೆ ಹತ್ತುವಾಗ ನಡುಮೆಟ್ಟಿಲಲ್ಲಿ ಕೂತು ಏಳುತ್ತಿದ್ದಳಂತೆ. ನಾನು ಕೇಳಿದ್ದಕ್ಕೆ ಹೇಳಿದಳು. ಕೇಳುತ್ತ ಹೋದೆ, ಹೇಳುತ್ತ ಹೋದಳು. ನಾಲ್ಕು ಗಂಟೆ ಹೋದದ್ದೇ ತಿಳಿಯಲಿಲ್ಲ.

ವಾಪಸು ಬರುವಾಗ ಮಂಜೇಶ್, ನಾಳೆ ಮೈಸೂರಿನ ಪಾರ್ಟಿಯೊಂದನ್ನು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಕರೆದುಕೊಂಡು ಹೋಗಬೇಕು ಎಂದ. ಅಮ್ಮ ಹಿಂದಿನ ಸೀಟಿನಿಂದ, ಈಗ ನೀರು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದಳು.

"ಈಗ ಅರ್ಧಕ್ಕರ್ಧ ಮುಳುಗೈತೆ ಅಮ್ಮಾರೆ. ನೀವ್ ನೋಡಿಲ್ವ್ರಾ?"

"ನಾನೆಲ್ಲಿ ನೋಡ್ಲಿ. ಮಕ್ಕಳು ಶಾಲೆಯಿಂದ ಪ್ರವಾಸ ಹೋಗಿದ್ರು, ಪುಳಿಯೋಗರೆ ಕಟ್ಟಿಕೊಟ್ಟಿದ್ದೆ."

ಗೊರೂರು ರಸ್ತೆಗೆ ತಿರುಗಿಸಲು ಹೇಳಿದೆ. ಅಮ್ಮ ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿ ನೋಡಿದಳು. ನೀರಿನೊಳಗೆ ನಿಂತ ಗೋಡೆಗಳ ಮೇಲೆ ಬೆಳ್ಳಕ್ಕಿ ಕೂತಿದ್ದವು. "ಇಷ್ಟು ದೊಡ್ಡದಾ" ಅಂದಳು. ಆಮೇಲೆ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಸೆಪ್ಟೆಂಬರ್ 23, ಮಂಗಳವಾರ

ಆಸ್ಪತ್ರೆಯಲ್ಲಿ ಆಹಾರದ ಬಗ್ಗೆ ಹೇಳುವ ಹೆಣ್ಣುಮಗಳು ಬಂದು, ಅಮ್ಮ ಬೆಳಿಗ್ಗೆ ಏನು ತಿನ್ನುತ್ತಾರೆ ಎಂದು ನಮ್ಮನ್ನು ಕೇಳಿದಳು. ನಾನು ಉಪ್ಪಿಟ್ಟು ಎಂದೆ. ಅಪ್ಪ ಅವಲಕ್ಕಿ ಎಂದರು. ಅವಳು ಅಮ್ಮನನ್ನೇ ಕೇಳಿದಳು.

"ಉಳಿದಿದ್ದು" ಎಂದಳು ಅಮ್ಮ.

"ಅಂದ್ರೆ ಏನಮ್ಮ?"

"ನೈವೇದ್ಯ ಆಗಿ, ಇವರು ಬಂದು ತಿಂಡಿ ತಿಂದು, ಏನು ಉಳಿದಿರತ್ತೋ ಅದು."

ಅವಳು ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದಳು, ಏನು ಬರೆಯಬೇಕೆಂದು ತಿಳಿಯದೆ. ಡಯಾಲಿಸಿಸ್ ದಿನ ಖಾಲಿ ಹೊಟ್ಟೆಯಲ್ಲಿ ಬರಲೇಬಾರದು ಎಂದು ಎರಡು ಸಲ ಹೇಳಿದಳು. ಅಮ್ಮ ತಲೆಯಾಡಿಸಿದಳು. ಅವಳ ತಲೆಯಾಟ ಈಗೀಗ ನನಗೆ ಅರ್ಥವಾಗುತ್ತದೆ. ಅದು ಒಪ್ಪಿಗೆಯಲ್ಲ, ಮರ್ಯಾದೆ.

ಸೆಪ್ಟೆಂಬರ್ 26, ಶುಕ್ರವಾರ

ಇವತ್ತು ನಡೆದದ್ದನ್ನು ಬರೆದಿಡುತ್ತೇನೆ.

ಬೆಳಿಗ್ಗೆ ಹೊರಡುವ ಮುಂಚೆ ಅಮ್ಮನಿಗೆ ರವೆ ಗಂಜಿ ಕಾಯಿಸಿಕೊಟ್ಟೆ. ಮುಟ್ಟಲಿಲ್ಲ. ಬಿಸ್ಕತ್ತು ಕೊಟ್ಟೆ, ಸೆರಗಿನಲ್ಲಿ ಕಟ್ಟಿಕೊಂಡಳು. ಈ ಮನೆಗೆ ಬಂದ ಮೇಲೆ ದೇವರಿಗಿಂತ ಮುಂಚೆ ಬಾಯಿಗೆ ಏನೂ ಹಾಕಿಕೊಂಡಿಲ್ಲ, ಅದರಲ್ಲೂ ನವರಾತ್ರಿ ಎಂದಳು. ಗುಡಿಯಲ್ಲಿ ನೈವೇದ್ಯವಾಗುವುದು ಎಂಟಕ್ಕೆ. ಆ ಹೊತ್ತಿಗೆ ಅವಳು ಯಂತ್ರದ ಪಕ್ಕ ಮಲಗಿರುತ್ತಾಳೆ. ನಾನು ಗಟ್ಟಿಯಾಗಿ ಮಾತಾಡಿದೆ, ಅತ್ತುಬಿಟ್ಟೆ. ಅಪ್ಪ ಸ್ನಾನಕ್ಕೆ ಹೋಗುವವರು ಪಂಚೆ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಆಮೇಲೆ ಬಚ್ಚಲಿಗೆ ಹೋದರು.

ಯಂತ್ರ ಹತ್ತಿಸಿ ಒಂದು ಗಂಟೆಯಾಗಿರಬೇಕು. ಅಮ್ಮ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಕತ್ತು ವಾಲಿಸಿದಳು. ಕಣ್ಣು ಅರ್ಧ ತೆರೆದಿತ್ತು, ಕಪ್ಪು ಗುಡ್ಡೆ ಕಾಣುತ್ತಿರಲಿಲ್ಲ. ನರ್ಸುಗಳು ಓಡಿ ಬಂದು ಮಂಚದ ಕಾಲಿನ ಕಡೆ ಎತ್ತಿದರು, ರಕ್ತ ಎಳೆಯುವುದನ್ನು ನಿಲ್ಲಿಸಿದರು, ಸಲೈನ್ ಬಿಟ್ಟರು. ನನ್ನನ್ನು ಹೊರಗೆ ಕಳಿಸಿದರು. ಪರದೆಯ ಕೆಳಗಿನಿಂದ ಅವಳ ಒಂದು ಪಾದ ಮಾತ್ರ ಕಾಣುತ್ತಿತ್ತು. ಅದರ ಬೆರಳು ಅಲ್ಲಾಡಿದಾಗ ನನಗೆ ಉಸಿರು ಬಂತು.

ಮಧ್ಯಾಹ್ನ ಡಾಕ್ಟರು ನೇರವಾಗಿ ಹೇಳಿದರು. ವಯಸ್ಸು, ರಕ್ತಹೀನತೆ, ಹೃದಯ ಮೊದಲೇ ದುರ್ಬಲ. ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ಹೀಗಾದರೆ ವಾಪಸು ತರುತ್ತೇವೆ ಎಂದು ಹೇಳಲು ಆಗುವುದಿಲ್ಲ.

ಮನೆಗೆ ಬಂದು ಅಪ್ಪನಿಗೆ ಇದನ್ನು ಒಂದಕ್ಷರ ಬಿಡದೆ ಹೇಳಿದೆ. ಯಾವುದನ್ನೂ ಮುಚ್ಚಲಿಲ್ಲ. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದಳು, ಅವಳಿಗೂ ಕೇಳಿಸಲಿ ಎಂದೇ ಹೇಳಿದೆ.

ಸೆಪ್ಟೆಂಬರ್ 30, ಮಂಗಳವಾರ

ನಾಲ್ಕು ಗಂಟೆಗೆ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಮ್ಮನೇ ಎದ್ದುಬಿಟ್ಟಳೋ ಎಂದು ಗಾಬರಿಯಾಗಿ ಹೋದೆ. ಅಪ್ಪ ಒಲೆಯ ಮುಂದೆ ನಿಂತಿದ್ದರು. ಸ್ನಾನವಾಗಿತ್ತು, ಒದ್ದೆ ಪಂಚೆ. ಗುಡಿಯಲ್ಲಿ ಅಷ್ಟು ವರ್ಷದಿಂದ ಅಡುಗೆ ಮಾಡುವವರು ಮನೆಯ ಒಲೆಗೆ ಕೈ ಹಾಕಿದ್ದನ್ನು ನಾನು ನೋಡಿದ್ದಿಲ್ಲ. ಸಾಸಿವೆ ಡಬ್ಬಿ ಎಲ್ಲಿದೆ ಎಂದು ನನ್ನನ್ನು ಕೇಳಿದರು. ನನಗೂ ಎರಡು ಡಬ್ಬಿ ತೆರೆದು ನೋಡಿದ ಮೇಲೆ ಸಿಕ್ಕಿತು.

ಹೆಸರುಬೇಳೆ ಹುಗ್ಗಿ. ನವರಾತ್ರಿಯ ಈ ದಿನ ಗುಡಿಯಲ್ಲಿ ಮಾಡುವುದೂ ಅದನ್ನೇ.

ಅಮ್ಮ ಸೀರೆ ಉಟ್ಟು ಹೊರಡಲು ಸಿದ್ಧಳಾಗಿ ಬಂದಳು. ಅಪ್ಪ ಮಣೆ ಹಾಕಿ, ಅವಳನ್ನು ಕೂರಿಸಿ, ತಟ್ಟೆಯನ್ನು ಮುಂದಿಟ್ಟರು. ಅಮ್ಮ ತಟ್ಟೆ ನೋಡಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ಇನ್ನೂ ನೈವೇದ್ಯ ಆಗಿಲ್ಲ."

"ನಿನ್ನ ಗಾಡಿ ಐದೂಕಾಲಿಗೆ. ಅವನದು ಎಂಟಕ್ಕೆ. ತಿನ್ನು."

"ಯಾರಾದರೂ ಕೇಳಿದ್ರೆ?"

"ನಾನು ಬಡಿಸಿದೆ ಅನ್ನು."

ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಹೋಗಲಿಲ್ಲ, ಕೂರಲೂ ಇಲ್ಲ. ಸೌಟು ಹಿಡಿದು ಅಲ್ಲೇ ನಿಂತರು. ಬಹಳ ಹೊತ್ತಾದ ಮೇಲೆ ಅವಳು ಒಂದು ತುತ್ತು ಬಾಯಿಗಿಟ್ಟಳು, ಅಗಿದಳು, ನುಂಗಿದಳು.

"ಉಪ್ಪೇ ಇಲ್ಲ."

"ನಿನಗಿಲ್ಲ ಅಂದಿದ್ದಾರೆ."

ಎರಡನೆಯ ತುತ್ತು ತಿಂದಳು. ಮೂರನೆಯದಕ್ಕೆ ತುಪ್ಪ ಕೇಳಿದಳು. ತಟ್ಟೆ ಖಾಲಿಯಾದಾಗ ಅಪ್ಪ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಅವಳು ಬೇಡ ಎನ್ನಲಿಲ್ಲ.

ಹೊರಗೆ ಮಂಜೇಶ್ ಹಾರ್ನ್ ಮಾಡಿದ. ಎದುರು ಮನೆಯವರು ಆಗಲೇ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದರು. ಅವನು ಎರಡನೆಯ ಸಲ ಹಾರ್ನ್ ಮಾಡಿದಾಗ ಅಪ್ಪ ಸೌಟು ಹಿಡಿದೇ ಜಗಲಿಗೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು:

"ಇರಯ್ಯ, ಊಟ ಮಾಡ್ತಾ ಇದ್ದಾಳೆ."